ಇಂಗ್ಲಿಷ್ ಹಳ್ಳಿಯ ಕೊಲೆ ಕಥೆಗಳು: ಯಾವುದು ಯಾರಿಗೆ, ಯಾವುದರಿಂದ ಶುರು?

ಶುಕ್ರವಾರ ಬೆಳಗ್ಗೆ. ಪೇಪರ್ ಹಾಕುವ ಹುಡುಗ ಶಿಳ್ಳೆ ಹೊಡೆಯುತ್ತಾ ಸೈಕಲ್ಲಿನಲ್ಲಿ ಮನೆ ಮನೆ ಸುತ್ತುತ್ತಿದ್ದಾನೆ. ಒಬ್ಬೊಬ್ಬರ ಮನೆಗೆ ಒಂದೊಂದು ದಿನಪತ್ರಿಕೆ. ಆದರೆ ಶುಕ್ರವಾರ ಊರಿನವರೆಲ್ಲ ಬಿಡಿಸಿ ಓದುವುದು ಆ ಊರಿನದೇ ವಾರಪತ್ರಿಕೆ. ನಾಯಿ ಮಾರಾಟಕ್ಕಿದೆ, ಮನೆಗೆಲಸಕ್ಕೆ ಜನ ಬೇಕು ಅನ್ನುವ ಸಣ್ಣ ಜಾಹೀರಾತುಗಳ ನಡುವೆ ಅವತ್ತು ಇನ್ನೊಂದಿದೆ. ಅಕ್ಟೋಬರ್ 29, ಶುಕ್ರವಾರ, ಸಂಜೆ ಆರೂವರೆಗೆ ಲಿಟಲ್ ಪ್ಯಾಡಕ್ಸ್ ಮನೆಯಲ್ಲಿ ಒಂದು ಕೊಲೆ ನಡೆಯಲಿದೆ, ಸ್ನೇಹಿತರು ಇದನ್ನೇ ಕರೆಯೋಲೆ ಅಂದುಕೊಳ್ಳಬೇಕು.

ಆ ಮನೆಯ ಯಜಮಾನಿಗೆ ಜಾಹೀರಾತಿನ ತಲೆಬುಡ ಗೊತ್ತಿಲ್ಲ. ಆದರೆ ಊರಿನವರ ಸ್ವಭಾವ ಚೆನ್ನಾಗಿ ಗೊತ್ತು. ಸಂಜೆ ಬಂದೇ ಬರುತ್ತಾರೆ ಅಂತ ಶೆರಿ ಬಾಟಲಿ ತೆಗೆದಿಡುತ್ತಾಳೆ. ಬರುತ್ತಾರೆ ಕೂಡ, ಒಬ್ಬೊಬ್ಬರೂ ಒಂದೊಂದು ನೆಪ ಹೂಡಿಕೊಂಡು. ಪಾದ್ರಿಯ ಹೆಂಡತಿಯೊಬ್ಬಳು ಮಾತ್ರ ಮುಚ್ಚುಮರೆ ಇಲ್ಲದೆ, ಕೊಲೆ ಎಷ್ಟು ಹೊತ್ತಿಗೆ ಶುರು ಅಂತ ಕೇಳಿಯೇಬಿಡುತ್ತಾಳೆ. ಗಡಿಯಾರ ಆರೂವರೆ ಹೊಡೆಯುತ್ತದೆ. ದೀಪ ಹೋಗುತ್ತದೆ.

ಇದು ಅಗಾಥಾ ಕ್ರಿಸ್ಟಿ ಅವರ 'ಎ ಮರ್ಡರ್ ಈಸ್ ಅನೌನ್ಸ್ಡ್', 1950ರದು. ಇಂಗ್ಲಿಷ್ ಹಳ್ಳಿಯ ಕೊಲೆ ಕಥೆ ಓದಬೇಕು, ಒಂದು ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಕೈಗೆ ಕೊಡುವುದು ಇದನ್ನೇ. ಹಾಗಂತ ಎಲ್ಲರಿಗೂ ಇದೇ ಸರಿ ಅಂತಲ್ಲ. ಈ ಜಾತಿಯ ಪುಸ್ತಕಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಚರ್ಚು, ಹೂವಿನ ತೋಟ, ಚಹಾ, ಒಂದು ಹೆಣ. ಒಳಗೆ ಹೋದರೆ ಒಂದಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ. ತಪ್ಪಾದದ್ದನ್ನು ಮೊದಲು ಎತ್ತಿಕೊಂಡು, "ಇವು ನಮಗಲ್ಲ" ಅಂತ ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವನ್ನು 'ಕೋಜಿ' ಅನ್ನುತ್ತಾರೆ, ಬೆಚ್ಚಗೆ ಕೂತು ಓದುವ ಕೊಲೆ ಕಥೆ. ರಕ್ತ, ಹಿಂಸೆಯ ವರ್ಣನೆ ಇರುವುದಿಲ್ಲ. ಪತ್ತೆ ಮಾಡುವವರು ಹೆಚ್ಚಾಗಿ ಪೊಲೀಸರಲ್ಲ, ಊರಿನವರೇ ಯಾರೋ ಒಬ್ಬರು. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳಲ್ಲಿ ಒಂದಷ್ಟಾದರೂ ಓದಿ ಬೆಳೆದವರಿಗೆ ಮೊದಲ ಐವತ್ತು ಪುಟ ನಿಧಾನ ಅನ್ನಿಸಬಹುದು. ಇಲ್ಲಿ ಬೆನ್ನಟ್ಟುವುದು, ಗುಂಡಿನ ಕಾಳಗ ಇಲ್ಲ. ಯಾರು ಯಾರ ಮನೆಗೆ ಯಾಕೆ ಹೋದರು ಅನ್ನುವುದೇ ಇಲ್ಲಿ ಸಾಹಸ.

ಆರಿಸುವಾಗ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಹಳ್ಳಿಯನ್ನು ಕಿತ್ತು, ಕಥೆಯನ್ನು ಲಂಡನ್ನಿನ ಫ್ಲ್ಯಾಟಿಗೋ ಹಡಗಿಗೋ ಸಾಗಿಸಿದರೆ ನಡೆಯುತ್ತದಾ? ನಡೆಯುವುದಾದರೆ ಆ ಹಳ್ಳಿ ಬರೀ ಪರದೆ, ನಾಟಕದ ಹಿಂದೆ ಇಳಿಬಿಟ್ಟದ್ದು. ಒಳ್ಳೆಯ ಪುಸ್ತಕದಲ್ಲಿ ಹಳ್ಳಿ ತೆಗೆದರೆ ಕೊಲೆಯೂ ನಡೆಯುವುದಿಲ್ಲ, ಪತ್ತೆಯೂ ಆಗುವುದಿಲ್ಲ. ಅಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ಇರುವ ಅಭ್ಯಾಸವೇ ಪತ್ತೇದಾರ.

ಕ್ರಿಸ್ಟಿಯಲ್ಲೇ ಎರಡು ದಾರಿ

ಕ್ರಿಸ್ಟಿಯ ಕಥೆಗಳಲ್ಲಿ ಕೊಲೆ ಪತ್ತೆ ಮಾಡುವ ಹಳ್ಳಿಯ ಅಜ್ಜಿ ಮಿಸ್ ಮಾರ್ಪಲ್. ಈ ಅಜ್ಜಿಯ ಕಾದಂಬರಿಗಳು ಒಟ್ಟು 12, 'ಅನೌನ್ಸ್ಡ್' ಕೂಡ ಅದರಲ್ಲೊಂದು. ಮೊದಲನೆಯದು 1930ರ 'ದ ಮರ್ಡರ್ ಅಟ್ ದ ವಿಕರೇಜ್'. ಮೊದಲನೆಯದರಿಂದಲೇ ಶುರು ಮಾಡಬೇಕು ಅಂತ ಸಹಜವಾಗಿ ಅನ್ನಿಸುತ್ತದೆ. ನಾನು ಬೇಡ ಅನ್ನುತ್ತೇನೆ.

ಕಥೆ ಹೇಳುವವರು ಸೇಂಟ್ ಮೇರಿ ಮೀಡ್ ಎಂಬ ಊರಿನ ಪಾದ್ರಿ. ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಗಟ್ಟಿ ಮಾಂಸವನ್ನು ಕೊಯ್ಯುತ್ತಾ, ಕರ್ನಲ್ ಪ್ರಾಥೆರೋನನ್ನು ಯಾರಾದರೂ ಕೊಂದರೆ ಲೋಕಕ್ಕೇ ಉಪಕಾರ ಅಂದುಬಿಡುತ್ತಾರೆ. ಆಮೇಲೆ ಆ ಕರ್ನಲ್‌ನ ಹೆಣ ಸಿಗುವುದು ಇವರದೇ ಓದುವ ಕೋಣೆಯಲ್ಲಿ. ಪಕ್ಕದ ಮನೆಯ ಮಾರ್ಪಲ್ ಅಜ್ಜಿ ಸದಾ ತೋಟದಲ್ಲೇ. ಕೈಯಲ್ಲಿ ಹಕ್ಕಿ ನೋಡುವ ದುರ್ಬೀನು. ಯಾರು ಯಾವ ದಾರಿಯಲ್ಲಿ ಹೋದರು, ಕೈಯಲ್ಲಿ ಚೀಲ ಇತ್ತೋ ಇಲ್ಲವೋ, ಎಲ್ಲ ಅವಳ ಲೆಕ್ಕದಲ್ಲಿದೆ. ಆದರೆ ಈ ಪುಸ್ತಕದಲ್ಲಿ ಜನ ಜಾಸ್ತಿ, ಗಂಟೆ ನಿಮಿಷಗಳ ಲೆಕ್ಕ ಜಾಸ್ತಿ, ಊರಿನ ನಕ್ಷೆಯನ್ನು ಮತ್ತೆ ಮತ್ತೆ ತಿರುವಿ ನೋಡಬೇಕಾಗುತ್ತದೆ. ಅಜ್ಜಿ ಕೂಡ ಇಲ್ಲಿ ಇನ್ನೂ ಸ್ವಲ್ಪ ಚಾಡಿಯವಳು. ಮುಂದಿನ ಪುಸ್ತಕಗಳಲ್ಲಿ ಬರುವ ಮೃದುತನ ಅವಳಿಗಿನ್ನೂ ಬಂದಿಲ್ಲ. ರೈಲ್ವೆ ಟೈಮ್ ಟೇಬಲ್ ನೋಡಿ ಖುಷಿಪಡುವವರು, ಪೇಪರ್ ಪೆನ್ನು ಇಟ್ಟುಕೊಂಡು ಓದುವವರು ಇದನ್ನೇ ಮೊದಲು ತೆಗೆದುಕೊಳ್ಳಿ. ಉಳಿದವರು ಎರಡನೆಯದಾಗಿ ಓದಿ.

'ಅನೌನ್ಸ್ಡ್' ಯಾಕೆ ಮೊದಲು? ಜಾಹೀರಾತಿನ ಒಂದೇ ಉಪಾಯದಿಂದ ಕ್ರಿಸ್ಟಿ ಇಡೀ ಊರನ್ನು ನಮಗೆ ಪರಿಚಯ ಮಾಡಿಸುತ್ತಾರೆ. ಒಂದೊಂದು ಮನೆಯ ತಿಂಡಿ ಮೇಜಿನ ಮುಂದೆ ಒಂದೆರಡು ಪುಟ, ಅಷ್ಟೇ. ಹೆಸರುಗಳು ತಲೆಯಲ್ಲಿ ತಾವಾಗಿ ಕೂರುತ್ತವೆ. ಭಾಷೆ ಸುಲಭ, ಮುಕ್ಕಾಲು ಪಾಲು ಮಾತುಕತೆ. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕಡಿಮೆ ಇರುವವರಿಗೂ ಕಷ್ಟವಾಗುವುದಿಲ್ಲ.

ಇನ್ನೂ ದೊಡ್ಡ ಕಾರಣ ಬೇರೆ. ಯುದ್ಧ ಮುಗಿದು ಐದು ವರ್ಷ. ಇಂಗ್ಲೆಂಡಿನಲ್ಲಿ ರೇಷನ್ ಇನ್ನೂ ಇದೆ, ಅದು ಪೂರ್ತಿ ಮುಗಿದದ್ದು 1954ರಲ್ಲಿ. ಬೆಣ್ಣೆ, ಮೊಟ್ಟೆ ಎಲ್ಲ ಕಾನೂನಿನ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಓಡಾಡುತ್ತವೆ. ಮೊದಲು ಊರಿಗೆ ಹೊಸಬರು ಬಂದರೆ ಯಾರದೋ ನೆಂಟರೋ ಸ್ನೇಹಿತರೋ ಆಗಿರುತ್ತಿದ್ದರು. ಈಗ ಯಾರೋ ಬರುತ್ತಾರೆ, ರೇಷನ್ ಕಾರ್ಡ್ ತೋರಿಸುತ್ತಾರೆ, ಮನೆ ಹಿಡಿಯುತ್ತಾರೆ. ಅವರು ಹೇಳಿದ್ದೇ ಅವರ ಚರಿತ್ರೆ. ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದಾರೆ, ಆದರೆ ಯಾರಿಗೂ ಯಾರೂ ನಿಜವಾಗಿ ಗೊತ್ತಿಲ್ಲ. ಈ ಭಯದ ಮೇಲೆ ಕಥೆ ನಿಂತಿದೆ. ನನ್ನ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಒಂದು ಸಲ ಈ ಕಥೆಯನ್ನು ಅಮ್ಮನಿಗೆ ಹೇಳಿದ್ದೆ. ಅವರೆಕಾಳು ಹಿತುಕುತ್ತಾ ಕೂತಿದ್ದರು, ಎದುರಿಗೆ ನಾನೂ. ದೀಪ ಹೋಯಿತು, ಬಾಗಿಲು ತೆರೆಯಿತು, ಟಾರ್ಚ್ ಬೆಳಕು ಬಿತ್ತು, ಗುಂಡು ಹಾರಿತು, ಇತ್ತ ಚಿಲಕ ಬಿದ್ದ ಊಟದ ಕೋಣೆಯಲ್ಲಿ ಅಡುಗೆಯವಳು ಕಿರುಚುತ್ತಿದ್ದಾಳೆ ಅಂತ ಹೇಳುತ್ತಾ ಹೋದೆ. ಅಮ್ಮನ ಕೈ ನಿಂತಿತು. "ಅವಳನ್ನ ಒಳಗೆ ಹಾಕಿ ಚಿಲಕ ಹಾಕ್ದೋರು ಯಾರು? ಮತ್ತೆ ಯಾರ್ಯಾರು ಎಲ್ಲೆಲ್ಲಿ ಕೂತಿದ್ರು, ಅದನ್ನ ಮೊದಲು ಹೇಳು." ಇನ್ಸ್‌ಪೆಕ್ಟರ್ ಇಪ್ಪತ್ತು ಪುಟ ಖರ್ಚು ಮಾಡಿ ಬರುವ ಜಾಗಕ್ಕೆ ಅಮ್ಮ ಒಂದೇ ಹಿಡಿ ಕಾಳಿನಲ್ಲಿ ಬಂದಿದ್ದರು. ಇಂಗ್ಲೆಂಡಿನ ಹಳ್ಳಿಯನ್ನು ಅವರು ಕಂಡವರಲ್ಲ. ಮಾರ್ಪಲ್ ಅಜ್ಜಿಯ ವಿದ್ಯೆ ಮಾತ್ರ ಅವರಿಗೆ ಮೊದಲೇ ಗೊತ್ತಿತ್ತು.

ಓದುವ ಮುಂಚೆ ನಾಲ್ಕು ಮಾತು

ನಮ್ಮವರು ಎಡವುವ ಕೆಲವು ಪದಗಳಿವೆ. ವಿಕರ್ ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಊರ ಪಾದ್ರಿ. ಮದುವೆ ಆಗಬಹುದು, ಹೆಂಡತಿ ಮಕ್ಕಳು ಇರುತ್ತಾರೆ. ಕ್ಯಾಥೊಲಿಕ್ ಫಾದರ್‌ಗಳನ್ನು ಮಾತ್ರ ನೋಡಿದವರಿಗೆ ಇದು ಮೊದಲು ಗೊಂದಲ. ಅವರಿಗೆ ಚರ್ಚಿನಿಂದ ಕೊಟ್ಟಿರುವ ಮನೆ ವಿಕರೇಜ್.

ಚೀಫ್ ಕಾನ್‌ಸ್ಟೇಬಲ್ ಅನ್ನುವವರು ಪೇದೆಗಳ ಮುಖ್ಯಸ್ಥರಲ್ಲ. ಆ ಕೌಂಟಿಯ ಪೊಲೀಸ್ ಪಡೆಗೇ ಮುಖ್ಯಸ್ಥರು. ಹಳೆಯ ಕಥೆಗಳಲ್ಲಿ ಹೆಚ್ಚಾಗಿ ನಿವೃತ್ತ ಸೈನ್ಯಾಧಿಕಾರಿ. ಇನ್‌ಕ್ವೆಸ್ಟ್ ಅಂದರೆ ಅನುಮಾನದ ಸಾವಿನ ವಿಚಾರಣೆ. ನಮ್ಮ ಪೊಲೀಸರ ಶವ ಮಹಜರಿನ ಹಾಗಲ್ಲ. ಕರೋನರ್ ಎಂಬ ಬೇರೆಯೇ ಅಧಿಕಾರಿ, ಊರವರ ಎದುರಿಗೆ, ಎಷ್ಟೋ ಸಲ ಜ್ಯೂರಿ ಕೂರಿಸಿಕೊಂಡು ನಡೆಸುವಂಥದ್ದು. ಊರೆಲ್ಲ ಅಲ್ಲಿ ಸೇರುತ್ತದೆ. ಅದಕ್ಕೇ ಕಥೆಗಾರರಿಗೆ ಅದು ಇಷ್ಟ.

ವಿಷ ಯಾಕೆ ಇಷ್ಟೊಂದು ಅಂತ ಕೇಳುತ್ತಾರೆ. ಆಗಿನ ಕಾಲದಲ್ಲಿ ತೋಟದ ಕಳೆನಾಶಕದಲ್ಲೇ ಆರ್ಸೆನಿಕ್ ಇರುತ್ತಿತ್ತು. ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಟಾರ್ಕಿ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು, ಯಾವುದು ಎಷ್ಟು ಕೊಟ್ಟರೆ ಏನಾಗುತ್ತದೆ ಅನ್ನುವುದು ಅವರಿಗೆ ಕಲಿತ ವಿದ್ಯೆ. ಇನ್ನೊಂದು ಮಾತು ಮರೆಯಬೇಡಿ. ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲು ನಿಂತದ್ದು 1965ರಲ್ಲಿ. ಅದಕ್ಕಿಂತ ಹಳೆಯ ಕಥೆಯಲ್ಲಿ ಅಜ್ಜಿ ಒಬ್ಬರತ್ತ ಬೆರಳು ತೋರಿಸಿದರೆ ಆ ಮನುಷ್ಯನಿಗೆ ಹಗ್ಗ ಕಾದಿರುತ್ತದೆ. ಇದು ನೆನಪಿದ್ದರೆ ಚಹಾದ ಕಪ್ಪಿನ ಹಿಂದೆ ಇರುವ ಭಾರ ಗೊತ್ತಾಗುತ್ತದೆ.

ಗಂಟೆಗಳ ಊರು

ಡೊರೊಥಿ ಸೇಯರ್ಸ್ ಅವರ 'ದ ನೈನ್ ಟೇಲರ್ಸ್' (1934) ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನಗೆ ಅದರ ಮೇಲೆ ತುಂಬಾ ಪ್ರೀತಿ, ಮತ್ತು ತುಂಬಾ ಜನ ಅದನ್ನು ಅರ್ಧಕ್ಕೇ ಬಿಡುತ್ತಾರೆ.

ಇಂಗ್ಲೆಂಡಿನ ಪೂರ್ವಕ್ಕೆ ಫೆನ್ಸ್ ಅನ್ನುವ ಜೌಗು ಬಯಲಿದೆ. ಕಾಲುವೆ ತೋಡಿ, ತೂಬು ಕಟ್ಟಿ ಒಣಗಿಸಿದ ನೆಲ. ಸೇಯರ್ಸ್ ಅವರ ಅಪ್ಪ ಅಲ್ಲಿ ಪಾದ್ರಿಯಾಗಿದ್ದರು. ಹೊಸ ವರ್ಷದ ಹಿಂದಿನ ದಿನ ಹಿಮದಲ್ಲಿ ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯ ಕಾರು ಚರಂಡಿಗೆ ಇಳಿಯುತ್ತದೆ. ಹತ್ತಿರದ ಊರಿನಲ್ಲಿ ಆಶ್ರಯ. ಅವತ್ತು ರಾತ್ರಿ ಚರ್ಚಿನ ಎಂಟು ಗಂಟೆಗಳನ್ನು ಒಂಬತ್ತು ತಾಸು ನಿಲ್ಲಿಸದೆ ಬಾರಿಸಬೇಕು ಅಂತ ಪಾದ್ರಿಯ ಆಸೆ, ಆದರೆ ಬಾರಿಸುವವನೊಬ್ಬ ಜ್ವರ ಬಂದು ಮಲಗಿದ್ದಾನೆ. ವಿಮ್ಸಿ ಆ ಹಗ್ಗ ಹಿಡಿಯುತ್ತಾನೆ.

ಇಂಗ್ಲಿಷ್ ಚರ್ಚಿನ ಗಂಟೆ ಬಾರಿಸುವುದು ರಾಗ ನುಡಿಸಿದ ಹಾಗಲ್ಲ. ಎಂಟು ಗಂಟೆ, ಎಂಟು ಹಗ್ಗ, ಎಂಟು ಜನ. ಪ್ರತಿ ಸುತ್ತಿನಲ್ಲೂ ಗಂಟೆಗಳ ಸರದಿ ಬದಲಾಗಬೇಕು, ಒಮ್ಮೆ ಬಂದ ಸರದಿ ಮತ್ತೆ ಬರಬಾರದು. ಗಣಿತ ಅದು, ತೋಳಿನಿಂದ ಮಾಡುವ ಗಣಿತ. ಯಾರಾದರೂ ಸತ್ತರೆ ಊರಿಗೆ ತಿಳಿಸುವುದೂ ಗಂಟೆಯೇ. ಗಂಡಸಾದರೆ ಒಂಬತ್ತು ಪೆಟ್ಟು, ಆಮೇಲೆ ವಯಸ್ಸಿಗೆ ತಕ್ಕಷ್ಟು. ಶೀರ್ಷಿಕೆಯ ಒಂಬತ್ತು ಅದೇ. ಮುಂದೆ ಯಾರದೋ ಸಮಾಧಿ ತೆರೆದಾಗ ಅಲ್ಲಿ ಇರಬಾರದ ಇನ್ನೊಂದು ಹೆಣ ಸಿಗುತ್ತದೆ. ಗಂಟೆ, ನೆಲ, ನೀರು, ಮೂರನ್ನೂ ಬಿಟ್ಟು ಈ ಕಥೆ ಒಂದು ಹೆಜ್ಜೆ ಇಡುವುದಿಲ್ಲ.

ಆದರೆ ಇದು ಬೆಚ್ಚಗಿನ ಪುಸ್ತಕವಲ್ಲ. ಇಂಗ್ಲಿಷ್ ಗಟ್ಟಿ, ಹಳ್ಳಿಗರ ಮಾತು ಅವರದೇ ಉಚ್ಚಾರದಲ್ಲಿದೆ, ಗಂಟೆಯ ಪರಿಭಾಷೆ ಪುಟಗಟ್ಟಲೆ. ಅರ್ಥವಾಗದ ಗಂಟೆಯ ಸಾಲುಗಳನ್ನು ಕೇಳಿಸಿಕೊಂಡು ಮುಂದೆ ಹೋಗಿ, ನಿಲ್ಲಬೇಡಿ. ಮೂರು ನಾಲ್ಕು ಕ್ರಿಸ್ಟಿ ಓದಿದ ಮೇಲೆ, ಮಳೆ ಹಿಡಿದ ಒಂದು ವಾರ ಸಿಕ್ಕಾಗ ಎತ್ತಿಕೊಳ್ಳಿ.

ಹೊಸಬರು

ನಗು ಬೇಕು, ತಲೆನೋವು ಬೇಡ ಅನ್ನುವವರಿಗೆ ಎಂ. ಸಿ. ಬೀಟನ್ ಅವರ 'ಅಗಾಥಾ ರೇಸಿನ್ ಅಂಡ್ ದ ಕೀಶ್ ಆಫ್ ಡೆತ್' (1992). ಲಂಡನ್ನಿನ ಕಂಪನಿ ಮಾರಿ ಕಾಟ್ಸ್‌ವೋಲ್ಡ್ಸ್‌ನ ಹಳ್ಳಿಗೆ ಬಂದ ಹೆಂಗಸು, ಊರಿನ ಅಡುಗೆ ಸ್ಪರ್ಧೆಗೆ ಅಂಗಡಿಯಿಂದ ತಂದ ಕೀಶನ್ನು ತನ್ನದೇ ಅಂತ ಇಡುತ್ತಾಳೆ. ಕೀಶ್ ಅಂದರೆ ಮೊಟ್ಟೆ, ಕೆನೆ ತುಂಬಿ ಬೇಯಿಸಿದ ಖಾರದ ಪೈ. ತಿಂದ ತೀರ್ಪುಗಾರ ಸಾಯುತ್ತಾನೆ. ಒಂದೇ ದಿನಕ್ಕೆ ಓದಿ ಮುಗಿಯುತ್ತದೆ. ಒಗಟು ತೆಳು, ಅದನ್ನು ನಿರೀಕ್ಷಿಸಬೇಡಿ. ಹೊಸ ಊರಲ್ಲಿ ಯಾರೂ ಮಾತಾಡಿಸದೆ ಒಂಟಿಯಾಗುವ ಕಷ್ಟ ಮಾತ್ರ ನಿಜವಾಗಿದೆ. ಕೆಲಸಕ್ಕಾಗಿ ಊರು ಬಿಟ್ಟು ಬಂದವರಿಗೆ ಅದು ತಟ್ಟುತ್ತದೆ.

ರಿಚರ್ಡ್ ಆಸ್ಮನ್ ಅವರ 'ದ ಥರ್ಸ್‌ಡೇ ಮರ್ಡರ್ ಕ್ಲಬ್' (2020) ಈಗ ಎಲ್ಲರ ಕೈಯಲ್ಲೂ ಇದೆ. 2025ರಲ್ಲಿ ಸಿನಿಮಾ ಕೂಡ ಬಂತು. ಕೆಂಟ್ ಪ್ರದೇಶದ ಒಂದು ನಿವೃತ್ತರ ವಸತಿ. ಎಲಿಜಬೆತ್, ಜಾಯ್ಸ್, ರಾನ್, ಇಬ್ರಾಹಿಂ ಎಂಬ ನಾಲ್ವರು ಪ್ರತಿ ಗುರುವಾರ ಸೇರಿ, ಪತ್ತೆಯಾಗದ ಹಳೆಯ ಕೊಲೆಗಳ ಫೈಲು ಬಿಡಿಸುತ್ತಾರೆ. ಅಷ್ಟರಲ್ಲಿ ಹತ್ತಿರದಲ್ಲೇ ಒಂದು ಹೊಸ ಕೊಲೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಹಳ್ಳಿಯೇ ಅಲ್ಲ. ಆದರೆ ನನ್ನ ಪರೀಕ್ಷೆ ಪಾಸಾಗುತ್ತದೆ. ವಯಸ್ಸಾದವರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಅನ್ನುವುದೇ ಅವರ ಆಯುಧ, ಮಾರ್ಪಲ್ ಅಜ್ಜಿಯದೂ ಅದೇ ಆಗಿತ್ತು. ಜಾಯ್ಸ್‌ಳ ಡೈರಿಯ ಭಾಗಗಳಿಗಾಗಿಯೇ ಓದಬಹುದು. ಒಂದು ಎಚ್ಚರಿಕೆ: ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದರೆ ಎಲಿಜಬೆತ್‌ಳ ಗಂಡನ ಪುಟಗಳು ಕಣ್ಣು ತುಂಬಿಸುತ್ತವೆ. ಕ್ರಿಸ್ಟಿಯ ಹಾಗೆ ಸುಳಿವು ಹೆಕ್ಕಿ ನೀವೇ ಕೊಲೆಗಾರನನ್ನು ಹಿಡಿಯುತ್ತೇನೆ ಅಂದರೆ ಇಲ್ಲಿ ಕಷ್ಟ. ಇದು ಆ ನಾಲ್ವರ ಜೊತೆ ಇರಲಿಕ್ಕೆ ಓದುವ ಪುಸ್ತಕ.

ಒಗಟಿನ ಹಸಿವಿರುವವರಿಗೆ ಆಂಥೊನಿ ಹೊರೊವಿಟ್ಸ್ ಅವರ 'ಮ್ಯಾಗ್‌ಪೈ ಮರ್ಡರ್ಸ್' (2016). ಒಬ್ಬ ಸಂಪಾದಕಿ ಹಸ್ತಪ್ರತಿ ಓದುತ್ತಾಳೆ, ನಾವೂ ಅದನ್ನು ಪೂರ್ತಿ ಓದುತ್ತೇವೆ. 1955ರ ಒಂದು ಹಳ್ಳಿ, ಮೆಟ್ಟಿಲಿಂದ ಬಿದ್ದು ಸತ್ತ ಮನೆಗೆಲಸದಾಕೆ. ಕೊಲೆಗಾರ ಯಾರು ಅಂತ ಹೇಳಬೇಕಾದ ಕೊನೆಯ ಭಾಗವೇ ಹಸ್ತಪ್ರತಿಯಲ್ಲಿಲ್ಲ. ಬರೆದವನೂ ಸತ್ತಿದ್ದಾನೆ. ಇಲ್ಲಿನ ಹಳ್ಳಿ ಬೇಕೆಂದೇ ಕ್ರಿಸ್ಟಿಯ ಅಚ್ಚಿನಲ್ಲಿ ತೆಗೆದದ್ದು, ಅದಕ್ಕೇ ಇದನ್ನು ಮೊದಲ ಪುಸ್ತಕವಾಗಿ ಕೊಡುವುದಿಲ್ಲ. ಹಳೆಯವು ನಾಲ್ಕೈದಾದರೂ ಓದಿದ್ದರೆ ಇದರ ರುಚಿ ಎರಡರಷ್ಟು.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದಾರಾ? ಕೆನಡಾದ ಅಲನ್ ಬ್ರಾಡ್ಲಿ ಅವರ 'ದ ಸ್ವೀಟ್‌ನೆಸ್ ಅಟ್ ದ ಬಾಟಮ್ ಆಫ್ ದ ಪೈ' (2009) ಕೊಡಿ. 1950ರ ಹಳ್ಳಿ, ಹನ್ನೊಂದು ವರ್ಷದ ಫ್ಲೇವಿಯಾ, ಹಳೆಯ ಬಂಗಲೆಯಲ್ಲಿ ಅವಳದೇ ರಸಾಯನಶಾಸ್ತ್ರದ ಪ್ರಯೋಗಶಾಲೆ. ಸೌತೆ ಪಾತಿಯಲ್ಲಿ ಒಬ್ಬ ಕಣ್ಣೆದುರೇ ಸಾಯುತ್ತಾನೆ.

ಓದಲಿಕ್ಕೆ ಪುರುಸೊತ್ತಿಲ್ಲ, ನೋಡುತ್ತೇವೆ ಅನ್ನುವವರಿಗೆ

1984ರಿಂದ 1992ರವರೆಗೆ ಬಿಬಿಸಿ ಮಾಡಿದ ಮಿಸ್ ಮಾರ್ಪಲ್ ಸರಣಿಯನ್ನು ಹುಡುಕಿ ನೋಡಿ. ಜೋನ್ ಹಿಕ್ಸನ್ ಅಜ್ಜಿಯಾಗಿ ಹನ್ನೆರಡೂ ಕಾದಂಬರಿಗಳಲ್ಲಿ ಬರುತ್ತಾರೆ. ಹ್ಯಾಂಪ್‌ಶೈರಿನ ನೆದರ್ ವಾಲಪ್ ಊರೇ ಅಲ್ಲಿ ಸೇಂಟ್ ಮೇರಿ ಮೀಡ್. ಹಿಕ್ಸನ್ ಸುಮ್ನೆ ಕೂತು ಕೇಳಿಸಿಕೊಳ್ಳುವುದನ್ನು ನೋಡಬೇಕು. ಕೈಯಲ್ಲಿ ಹೆಣಿಗೆ, ಕಣ್ಣು ಎದುರಿಗಿರುವವರ ಮೇಲೆ. 2004ರಿಂದ ಬಂದ ಐಟಿವಿ ಸರಣಿ ಬಣ್ಣಬಣ್ಣವಾಗಿದೆ, ಆದರೆ ಕಥೆಗಳನ್ನು ತಿದ್ದಿದ್ದಾರೆ, ಅಜ್ಜಿ ಇಲ್ಲದ ಕಾದಂಬರಿಗಳಿಗೂ ಅಜ್ಜಿಯನ್ನು ಸೇರಿಸಿದ್ದಾರೆ. ಪುಸ್ತಕ ಓದಿ ಪ್ರೀತಿಸಿದವರಿಗೆ ಅದು ನೋವಾಗುತ್ತದೆ. ನನಗೆ ಆಯಿತು.

'ಮಿಡ್ಸಮರ್ ಮರ್ಡರ್ಸ್' 1997ರಿಂದ ನಡೆಯುತ್ತಿದೆ. ಕ್ಯಾರೊಲೈನ್ ಗ್ರಹಾಂ ಅವರ ಕಾದಂಬರಿಯಿಂದ ಹುಟ್ಟಿದ್ದು, ಮೊದಲ ಕಂತಿಗೆ ಚಿತ್ರಕಥೆ ಬರೆದವರು ಇದೇ ಹೊರೊವಿಟ್ಸ್. ಥೆರೆಮಿನ್ ವಾದ್ಯದ ಆ ನಡುಗುವ ಸಂಗೀತ ಕೇಳಿದರೆ ಮಿಡ್ಸಮರ್ ಅಂತ ಪಕ್ಕದ ಕೋಣೆಯಿಂದಲೇ ಗೊತ್ತಾಗುತ್ತದೆ. ಒಂದು ಕಂತಿಗೆ ಸುಮಾರು ಒಂದೂವರೆ ಗಂಟೆ, ಒಂದಕ್ಕೆ ನಿಲ್ಲದ ಕೊಲೆಗಳು. ಪ್ರತಿ ಸಲ ಹೊಸ ಊರು, ಹೊಸ ಜನ, ಹಾಗಾಗಿ ಯಾವ ಊರೂ ನಮ್ಮದಾಗುವುದಿಲ್ಲ. ಭಾನುವಾರ ರಾತ್ರಿ ಮನೆಮಂದಿಯೆಲ್ಲ ಕೂತು ನೋಡಲಿಕ್ಕೆ ಚೆನ್ನ. ಹಳ್ಳಿಯೊಂದರ ಒಳಗೆ ಇಳಿಯಬೇಕು ಅನ್ನುವವರಿಗೆ ಹಿಕ್ಸನ್ ಸರಣಿಯೇ.

ಕೊಳ್ಳುವ ಮುಂಚೆ

ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ ಮುಂದಕ್ಕೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಸೇಯರ್ಸ್ ಹೋದದ್ದು 1957ರಲ್ಲಿ, ಆದ್ದರಿಂದ ಅವರ ಪುಸ್ತಕಗಳು 2018ರಿಂದ ಇಲ್ಲಿ ಮುಕ್ತ. ಕ್ರಿಸ್ಟಿ ಹೋದದ್ದು 1976ರಲ್ಲಿ, 2036ರ ಕೊನೆಯವರೆಗೆ ಹಕ್ಕು ಇದೆ. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್ ಬೇಡ. ಕ್ರಿಸ್ಟಿಯ ಹಳೆಯ ಪ್ರತಿಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ, ಅವೆನ್ಯೂ ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ.

ಹಳೆಯ ಪ್ರತಿ ಕೊಳ್ಳುವಾಗ ಮೊದಲ ಪುಟಗಳನ್ನು ಯಾರಾದರೂ ಜೊತೆಗಿರುವವರಿಗೆ ಕೊಟ್ಟು ನೋಡಿಸಿ. ನಾನು ಒಂದು ಅಂಗಡಿಯಲ್ಲಿ ಕೊಂಡ ಪ್ರತಿಯಲ್ಲಿ ಪಾತ್ರಗಳ ಪಟ್ಟಿಯೊಳಗೇ ಒಂದು ಹೆಸರಿನ ಕೆಳಗೆ ಪೆನ್ಸಿಲ್ ಗೀಟು, ಪಕ್ಕದಲ್ಲಿ "ಇವನೇ". ಬಸ್ಸು ಮೆಜೆಸ್ಟಿಕ್ ಬಿಡುವ ಮೊದಲೇ ಪುಸ್ತಕ ಮುಗಿದಿತ್ತು. ಯಾವುದೇ ಕಾದಂಬರಿಯ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಲೂ ಹೋಗಬೇಡಿ, ಕೊಲೆಗಾರನ ಹೆಸರು ಮೂರನೆಯ ಸಾಲಿನಲ್ಲೇ ಕಾದಿರುತ್ತದೆ.

'ಅನೌನ್ಸ್ಡ್' ಮುಗಿಸಿ, 'ವಿಕರೇಜ್' ಮುಗಿಸಿದ ಮೇಲೆ ಮೂರನೆಯದಾಗಿ 1962ರ 'ದ ಮಿರರ್ ಕ್ರ್ಯಾಕ್ಡ್ ಫ್ರಂ ಸೈಡ್ ಟು ಸೈಡ್' ಓದಿ. ಅದೇ ಸೇಂಟ್ ಮೇರಿ ಮೀಡ್. ಈಗ ಪಕ್ಕದ ಹೊಲಗಳಲ್ಲಿ ಹೊಸ ಬಡಾವಣೆ ಎದ್ದಿದೆ. ಅಜ್ಜಿಗೆ ತುಂಬಾ ವಯಸ್ಸಾಗಿದೆ, ಒಬ್ಬಳೇ ಹೊರಗೆ ಹೋಗಬಾರದು ಅಂತ ಕಟ್ಟಪ್ಪಣೆ. ನೋಡಿಕೊಳ್ಳುವ ಹೆಂಗಸಿನ ಕಣ್ಣು ತಪ್ಪಿಸಿ ಅಜ್ಜಿ ಆ ಬಡಾವಣೆ ನೋಡಲು ಹೊರಡುತ್ತಾಳೆ. ಒಂದೇ ಥರದ ಮನೆಗಳು, ಗುರುತಿಲ್ಲದ ಮುಖಗಳು. ಒಬ್ಬೊಬ್ಬರನ್ನೇ ನೋಡುತ್ತಾ, ಇವಳು ನಮ್ಮೂರಿನ ಇಂಥವಳ ಹಾಗೆ, ಇವನು ಆ ಇಂಥವನ ಹಾಗೆ ಅಂತ ಹಳೆಯ ಊರನ್ನು ಹೊಸದರಲ್ಲಿ ಗುರುತು ಹಿಡಿಯುತ್ತಾ ನಡೆಯುತ್ತಾಳೆ. ಎಡವಿ ಬೀಳುತ್ತಾಳೆ. ಎತ್ತಿ ಕೂರಿಸಿ ಚಹಾ ಕೊಡುವ ಹೆಂಗಸೊಬ್ಬಳ ಬಾಯಿಂದ ಆಮೇಲಿನ ಕಥೆಯೆಲ್ಲ ಶುರುವಾಗುತ್ತದೆ. 'ವಿಕರೇಜ್' ಓದದೆ ಮಾತ್ರ ಇದಕ್ಕೆ ಬರಬೇಡಿ. ತೋಟದಲ್ಲಿ ದುರ್ಬೀನು ಹಿಡಿದು ನಿಂತಿದ್ದ ಆ ಅಜ್ಜಿಯನ್ನು ಮೊದಲು ಕಂಡಿರಬೇಕು.